ಹೋದ ಕರಡಿ ತಿರುಗಿ ಬಂದದ್ದು

ಕರಡಿ ತುಪ್ಪದ ವಾಸನೆಗೆ ಬಂತು ಎನ್ನುತ್ತಾರೆ. ರಾಲಿಯ ನಮ್ಮ ಬೀದಿಯಲ್ಲಿ, ಮಾರಿಸ್‌ವಿಲ್‌ನ ದೇವಸ್ಥಾನದ ಹಾಲ್‌ನಲ್ಲಿ, ಅಟ್ಲಾಂಟಾದ ಸತ್ಯನಾರಾಯಣ ಪೂಜೆಗಳಲ್ಲಿ, ಕನ್ನಡದವರು ನಾಲ್ಕು ಜನ ಪೇಪರ್ ಪ್ಲೇಟ್ ಹಿಡಿದು ನಿಂತ ಕಡೆಯಲ್ಲೆಲ್ಲ ಇದೇ ಕಥೆ. ಗೌರಿ-ಗಣೇಶ ಮುಗಿದ ವಾರ. ಅಪ್ಪನ ಬೆನ್ನಿನ ಚೀಲದಲ್ಲಿ ಅಮ್ಮ ತುಪ್ಪದಲ್ಲಿ ಕರಿದುಕೊಟ್ಟ ಕರ್ಜಿಕಾಯಿ ಇತ್ತು. ಗ್ರಿಜ್ಲಿ ಕರಡಿಯ ಮೂಗು ಮೈಲಿಗಟ್ಟಲೆ ದೂರದ್ದನ್ನು ಹಿಡಿಯುತ್ತದೆ. ಹಾಗಾಗಿ. ಈ ‘ಹಾಗಾಗಿ’ಯ ಮುಂದೆ ಯಾರೂ ವಾಕ್ಯ ಮುಗಿಸುವುದಿಲ್ಲ. ಅಮ್ಮ ಅಲ್ಲೇ ಎಲ್ಲಾದರೂ ನಿಂತಿದ್ದರೆ ಯಾರಾದರೂ ಆಂಟಿ, “ಅವ್ರಿಗೇನ್ ಗೊತ್ತಿತ್ತು ಪಾಪ, ಪ್ರೀತಿಯಿಂದ ಮಾಡ್ಕೊಟ್ಟಿದ್ರು” ಎಂದು ಸೇರಿಸುತ್ತಾರೆ. ಕ್ಷಮಿಸಿದ ಹಾಗೂ ಆಯಿತು, ಅಪರಾಧ ಯಾರದೆಂದು ಹೇಳಿದ ಹಾಗೂ ಆಯಿತು.

ನಾನು ಈ ಕಥೆಯನ್ನು ಒಪ್ಪಲಿಲ್ಲ. ಒಪ್ಪದಿರುವುದು ನನಗೆ ಕಲಿಸಿದ ವಿದ್ಯೆ. ಮೈಸೂರಿನ ಶಾಲೆಯಲ್ಲಿ ‘ಲೇಖನಿ ಹೆಚ್ಚೋ ಖಡ್ಗ ಹೆಚ್ಚೋ’ ಎಂಬ ಚರ್ಚಾಸ್ಪರ್ಧೆಯಲ್ಲಿ ಖಡ್ಗದ ಪರವಾಗಿ ಮಾತಾಡಿ ಪರ್ಯಾಯ ಫಲಕ ಹೊತ್ತು ತಂದವಳು ನಾನು. ಎಂಟನೇ ತರಗತಿ ಮುಗಿಸಿ ರಾಲಿಗೆ ಬಂದ ಮೇಲೆ ಅದೇ ಚಾಳಿ ಇಂಗ್ಲಿಷಿನಲ್ಲಿ ಮುಂದುವರಿಯಿತು. ಈ ಕಥೆಯ ಹೊತ್ತಿಗೆ ವಾಷಿಂಗ್ಟನ್ ಹತ್ತಿರದ ಒಂದು ಕಾಲೇಜಿನಲ್ಲಿ ಓದುತ್ತ, ಶನಿವಾರ-ಭಾನುವಾರ ಊರೂರು ತಿರುಗಿ ವಾದ ಮಾಡುತ್ತಿದ್ದೆ. ನಮ್ಮಲ್ಲಿ ಒಂದು ನಿಯಮವಿತ್ತು: ಎದುರಾಳಿಯ ಮಾತನ್ನು ಪೂರ್ತಿ ಕೇಳಬೇಕು, ಎಲ್ಲಿ ಅವನು ಬೇಗ ಬೇಗ ಹೇಳಿ ದಾಟುತ್ತಾನೋ ಅಲ್ಲಿ ಬೆರಳಿಡಬೇಕು.

ಕಥೆಯನ್ನು ಮೊದಲು ಹೇಳಿದವರು ಅಟ್ಲಾಂಟಾ ಪಕ್ಕದ ಅಲ್ಫರೆಟಾದ ಅಂಕಲ್. ಕರಡಿಯನ್ನು ಕಂಡು ಬದುಕಿ ಬಂದವರು ಅವರೊಬ್ಬರೇ, ಹಾಗಾಗಿ ಬೇರೆ ಮೂಲವಿಲ್ಲ. ಅಪ್ಪನೂ ಅವರೂ ಮೈಸೂರಿನ ಹಾಸ್ಟೆಲ್‌ನಲ್ಲಿ ಒಂದೇ ಕೋಣೆಯಲ್ಲಿದ್ದವರು. ಅಂಕಲ್ ಡಾಕ್ಟರಾಗಿ ಎಪ್ಪತ್ತರ ದಶಕದಲ್ಲೇ ಅಟ್ಲಾಂಟಾ ಸೇರಿದ್ದರು. ಅಪ್ಪ ತಡವಾಗಿ ಬಂದು ಒಂದು ಲ್ಯಾಬಿನಲ್ಲಿ ಅಂಟುಗಳ ಕೆಮಿಸ್ಟ್ರಿ ಮಾಡುತ್ತಿದ್ದರು. ಪ್ರತಿ ಸೆಪ್ಟೆಂಬರಿನಲ್ಲಿ ಇಬ್ಬರೂ ಹೆಂಡತಿ ಮಕ್ಕಳನ್ನು ಬಿಟ್ಟು ಒಂದು ವಾರ ಯಾವುದಾದರೂ ಬೆಟ್ಟಕ್ಕೆ ಹೋಗುವುದು ರೂಢಿ. ಆ ವರ್ಷ ಮೊಂಟಾನಾ.

ಹೋಗುವ ಮುಂಚೆ ನಡೆದ ಫೋನ್ ಮಾತು ನನಗೆ ನೆನಪಿದೆ, ನಾನು ಬೇಸಿಗೆ ರಜೆಗೆ ಮನೆಯಲ್ಲಿದ್ದೆ, ಸ್ಪೀಕರ್‌ನಲ್ಲಿ ಹಾಕಿದ್ದರು.

“ಲೋ, ಅಲ್ಲಿ ಕರಡಿ ಇರತ್ತಂತೆ ಕಣೋ. ಬೆಲ್ ಕಟ್ಕೊಂಡ್ ಓಡಾಡ್ಬೇಕಂತೆ,” ಎಂದರು ಅಂಕಲ್.

“ಕೋಲೆಬಸವ ಆಗು ಅಂತೀಯಾ?” ಎಂದರು ಅಪ್ಪ.

“ಬೆಲ್ ಯಾಕ್ರೀ ಕೊಂಡ್ಕೋಬೇಕು, ಮಗಳ ಗೆಜ್ಜೆ ಇದೆ,” ಎಂದಿತು ಅಂಕಲ್ ಹೆಂಡತಿ ಆಂಟಿಯ ದನಿ. “ಅವ್ಳು ಡ್ಯಾನ್ಸ್ ಕ್ಲಾಸ್ ಬಿಟ್ಟು ವರ್ಷ ಆಯ್ತು. ಒಂದು ಸಾಲು ಕಿತ್ತು ಇವ್ರ ಕೈಲಿ ಕಳಿಸ್ತೀನಿ, ನಿಮ್ ಚೀಲಕ್ಕೆ ಕಟ್ಕೊಳ್ಳಿ.”

ಹಾಗೆ ಅಪ್ಪ ಭರತನಾಟ್ಯದ ಗೆಜ್ಜೆ ಕಟ್ಟಿಕೊಂಡು ಗ್ರಿಜ್ಲಿ ಕರಡಿಯ ಕಾಡಿಗೆ ಹೋದರು. ಕರ್ಜಿಕಾಯಿಯ ವಿಷಯ ಹೇಳುವವರು ಯಾರೂ ಗೆಜ್ಜೆಯ ವಿಷಯ ಹೇಳುವುದಿಲ್ಲ.

ಅಂಕಲ್ ಹೇಳುವುದು ಇಷ್ಟು. ಬೆಳಿಗ್ಗೆ ಇಬ್ಬರೂ ನಡೆಯುತ್ತಿದ್ದರು. ಅಪ್ಪ ಮುಂದೆ, ತಾವು ಫೋಟೋ ತೆಗೆಯುತ್ತ ಹಿಂದೆ. ಎದುರುಗಾಳಿ ಎಷ್ಟಿತ್ತೆಂದರೆ ಟೋಪಿ ಎರಡು ಸಲ ಹಾರಿತ್ತು. ದಾರಿ ತಿರುಗುವಲ್ಲಿ ಪೊದೆಯಿಂದ ಕರಡಿ ನುಗ್ಗಿತು. ಅಪ್ಪ, ಕಾಡಿನ ಆಫೀಸಿನಲ್ಲಿ ಹೇಳಿಕೊಟ್ಟಿದ್ದ ಹಾಗೆ, ಬೋರಲು ಮಲಗಿ ಕತ್ತಿನ ಹಿಂದೆ ಕೈ ಕಟ್ಟಿಕೊಂಡರು. ಅಂಕಲ್ ಹತ್ತಿರದ ಪೈನ್ ಮರ ಹತ್ತಿದರು. ಕರಡಿ ಅಪ್ಪನ ಹೆಗಲು ಕಚ್ಚಿ ಅಲುಗಾಡಿಸಿ ಬಿಟ್ಟಿತು. ಹೋಯಿತು. ಆಮೇಲೆ ಆ ವಾಸನೆ ಅದನ್ನು ಮತ್ತೆ ಎಳೆದುಕೊಂಡು ಬಂತು.

ಇದನ್ನು ಹೇಳುವಾಗ ಅಂಕಲ್ ಕೈ ಹೊಸೆಯುತ್ತಿದ್ದರು. ನಮ್ಮ ಲಿವಿಂಗ್ ರೂಮಿನಲ್ಲಿ ಜನ ತುಂಬಿದ್ದರು. ನಾನು ಕಾರ್ಪೆಟ್ಟಿನ ಮೇಲೆ ಯಾರೋ ಚೆಲ್ಲಿದ್ದ ಕಾಫಿಯ ಕಲೆ ನೋಡುತ್ತ, ಇದಕ್ಕೆ ಅಡುಗೆ ಸೋಡಾ ಹಾಕಬೇಕೋ ವಿನೆಗರ್ ಹಾಕಬೇಕೋ ಎಂದು ಯೋಚಿಸುತ್ತಿದ್ದೆ. ಅಪ್ಪನನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು. ಅಳು ಬರಲಿಲ್ಲ. ಬರಬೇಕಾದದ್ದು ಬರಲಿಲ್ಲ ಎಂಬ ಚಿಂತೆಯೂ ಬರಲಿಲ್ಲ.

ಕಾಡಿನ ಅಧಿಕಾರಿಯ ಫೋನ್ ಬಂದಾಗ ಅಮ್ಮ ರಿಸೀವರನ್ನು ನನ್ನ ಕೈಗೆ ಕೊಟ್ಟು ಬಟ್ಟೆ ಮಡಿಸಲು ಹೋದರು. ಆ ಹೆಂಗಸು ನಿಧಾನವಾಗಿ, ನನಗೆ ಇಂಗ್ಲಿಷ್ ಬಾರದೇನೋ ಎಂಬ ಹಾಗೆ, ಬಿಡಿ ಬಿಡಿಯಾಗಿ ಮಾತಾಡಿದರು. ಪೊದೆಯ ಆಚೆ ಒಂದು ಸತ್ತ ಎಲ್ಕ್ ಇತ್ತಂತೆ. ಎಲ್ಕ್ ಎಂದರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ಅರ್ಧ ತಿಂದು ಮಿಕ್ಕಿದ್ದಕ್ಕೆ ಕರಡಿ ಮಣ್ಣು, ಹುಲ್ಲು, ಕಡ್ಡಿ ಎಲ್ಲ ಎಳೆದು ಮುಚ್ಚಿ, ಅದರ ಪಕ್ಕದಲ್ಲೇ ಮಲಗಿತ್ತು. ನಿಮ್ಮ ತಂದೆ ಅದರ ಉಗ್ರಾಣದ ಬಾಗಿಲಿಗೆ ಬಂದುಬಿಟ್ಟಿದ್ದರು ಎಂಬ ಅರ್ಥದ ಮಾತು ಹೇಳಿದರು. ಗೆಜ್ಜೆ ಆ ಗಾಳಿಯಲ್ಲಿ ಕೇಳಿಸಿರಲಾರದು. ಗಟ್ಟಿಯಾಗಿ ಮಾತಾಡಿಕೊಂಡು ನಡೆಯುವುದೇ ಮೇಲು. ಕರಡಿಯನ್ನು ಕೊಲ್ಲುವುದಿಲ್ಲ ಎಂದು ನಿರ್ಧರಿಸಿದ್ದೇವೆ, ಅದು ಕರಡಿ ಮಾಡುವುದನ್ನೇ ಮಾಡಿದೆ. ಮನುಷ್ಯರ ಊಟಕ್ಕೆ ಬಾಯಿ ಹಾಕಿದ್ದರೆ ಮಾತು ಬೇರೆ. ಚೀಲವನ್ನು ಅದು ಮುಟ್ಟಿಲ್ಲ.

“ನಿಮ್ಮ ತಂದೆ ಸರಿಯಾದದ್ದನ್ನೇ ಮಾಡಿದರು,” ಎಂದರು ಕೊನೆಗೆ. “ಆದರೆ ಜಾಗ ಎರಡು. ಕನ್ನಡಕ ಸಿಕ್ಕಿದ ಜಾಗ ಒಂದು, ಅವರು ಸಿಕ್ಕಿದ ಜಾಗ ಇನ್ನೊಂದು. ನಡುವೆ ಎದ್ದಿರಬೇಕು.”

“ಯಾಕೆ?” ಎಂದೆ.

“ಅದು ನಮಗೆ ಗೊತ್ತಾಗುವುದಿಲ್ಲ,” ಎಂದರು.

ಚೀಲ ಆಮೇಲೆ ಪಾರ್ಸೆಲ್‌ನಲ್ಲಿ ಬಂತು. ಸ್ಟೀಲ್ ಡಬ್ಬಿ ಹಾಗೇ ಇತ್ತು. ಒಳಗೆ ಕರ್ಜಿಕಾಯಿ ಒಂದೂ ಮುರಿದಿರಲಿಲ್ಲ. ಅಮ್ಮ ಅದನ್ನು ಹಿತ್ತಿಲಿನ ಕಸದ ಡ್ರಮ್ಮಿಗೆ ಸುರಿದು, ಡಬ್ಬಿ ತೊಳೆದು, ಒರೆಸಿ, ಮತ್ತೆ ತೊಳೆದರು. ಅದಾದ ಮೇಲೆ ಮನೆಯಲ್ಲಿ ತುಪ್ಪ ಕಾಯಿಸುವುದು ನಿಂತಿತು. ಕರಿಯುವುದು ನಿಂತಿತು. ಮುಂದಿನ ವರ್ಷದಿಂದ ಗಣೇಶನನ್ನು ಕೂರಿಸುವುದಿಲ್ಲ ಎಂದು ದೇವಸ್ಥಾನದ ಭಟ್ಟರಿಗೆ ಹೇಳಿಬಂದರು. ಕನ್ನಡ ಕೂಟದ ಹಬ್ಬದೂಟಕ್ಕೆ ಪ್ರತಿ ಸಲ ಅಮ್ಮನ ಪಾಲಿಗೆ ಬರುತ್ತಿದ್ದದ್ದು ಸಿಹಿ. ಈಗ ಫೋನ್ ಮಾಡಿದವರು, “ನೀವು ಸುಮ್ನೆ ಬನ್ನಿ ಸಾಕು, ಪ್ಲೇಟು ನ್ಯಾಪ್ಕಿನ್ನು ತನ್ನಿ” ಎನ್ನುತ್ತಿದ್ದರು. ಅಮ್ಮ ಪ್ಲೇಟು ನ್ಯಾಪ್ಕಿನ್ನು ತಗೊಂಡು ಹೋಗುತ್ತಿದ್ದರು. ಒಂದು ಸಲ ಕೂಟದ ಇನ್ನಾರೋ ಒಬ್ಬರು ಮಾತಿನ ಭರದಲ್ಲಿ “ಒಳ್ಳೇ ಶಿವಪೂಜೇಲಿ ಕರಡಿ...” ಎಂದವರು ಅಮ್ಮನನ್ನು ಕಂಡು ಉಳಿದದ್ದನ್ನು ಮೊಸರನ್ನದ ಜೊತೆ ನುಂಗಿದರು. ಮೂವರು ಒಟ್ಟಿಗೆ ಹವಾಮಾನದ ಬಗ್ಗೆ ಮಾತು ತೆಗೆದರು.

ನಾನು ಕಾಲೇಜಿಗೆ ವಾಪಸು ಹೋಗಿ ಲೈಬ್ರರಿಯಲ್ಲಿ ಕೂತೆ. ದುಃಖಕ್ಕೆ ಅಂತಲ್ಲ. ವಾದಕ್ಕೆ ಆಧಾರ ಬೇಕಿತ್ತು. ಚಳಿಗಾಲ ಪೂರ್ತಿ ಗ್ರಿಜ್ಲಿಯನ್ನು ಓದಿದೆ. ಅದರ ಹೆಗಲ ಮೇಲಿನ ಗೂನು ಕೊಬ್ಬಲ್ಲ, ಅಗೆಯುವ ಮಾಂಸಖಂಡ. ಉಗುರು ಮನುಷ್ಯನ ಬೆರಳಿನಷ್ಟು ಉದ್ದ; ಅದು ಹೆಚ್ಚಾಗಿ ಉಪಯೋಗಕ್ಕೆ ಬರುವುದು ಗೆಡ್ಡೆ ಕೀಳಲು, ಇರುವೆ ಗೂಡು ಒಡೆಯಲು, ಅಳಿಲು ಬಚ್ಚಿಟ್ಟ ಪೈನ್ ಕಾಯಿಗಳನ್ನು ಕದಿಯಲು. ಬೇಸಿಗೆಯಲ್ಲಿ ಬೆಟ್ಟದ ನೆತ್ತಿಗೆ ಹತ್ತಿ, ಕಲ್ಲು ಮಗುಚಿ, ಅಡಿಯಲ್ಲಿ ಮಲಗಿರುವ ಪತಂಗಗಳನ್ನು ಸಾವಿರಗಟ್ಟಲೆ ನೆಕ್ಕುತ್ತದೆ. ಇಷ್ಟು ದೊಡ್ಡ ಪ್ರಾಣಿ ಇಷ್ಟು ಸಣ್ಣದನ್ನು ತಿಂದು ಬದುಕುತ್ತದೆ ಎಂಬುದು ನನಗೆ ಮೊದಲು ನಂಬಿಕೆಯಾಗಲಿಲ್ಲ. ಮೂರು ಪುಸ್ತಕ ತೆಗೆದು ತಾಳೆ ನೋಡಿದೆ. ನಿಜವೇ ಆಗಿತ್ತು.

ಸೆಪ್ಟೆಂಬರ್ ಬಂತೆಂದರೆ ಅದಕ್ಕೆ ಹಸಿವು ಬಿಟ್ಟು ಬೇರೆ ಬುದ್ಧಿ ಇರುವುದಿಲ್ಲ. ನಿದ್ದೆಯನ್ನೂ ಕಡಿಮೆ ಮಾಡಿ ಹಗಲೂ ರಾತ್ರಿ ತಿನ್ನುತ್ತದೆ, ಚಳಿಗಾಲಕ್ಕೆ ಮೈಯಲ್ಲೇ ಉಗ್ರಾಣ ಕಟ್ಟುತ್ತದೆ. ಹೆಣ್ಣು ಕರಡಿ ಬೇಸಿಗೆಯ ಮೊದಲಿಗೆ ಕೂಡಿದರೂ ಗರ್ಭ ಕೂಡಲೇ ನೆಲೆಗೊಳ್ಳುವುದಿಲ್ಲ. ಶರತ್ಕಾಲದ ಕೊನೆಗೆ ಮೈಯಲ್ಲಿ ಸಾಕಷ್ಟು ಕೊಬ್ಬಿದ್ದರೆ ಮಾತ್ರ ನೆಲೆಗೊಳ್ಳುತ್ತದೆ, ಇಲ್ಲದಿದ್ದರೆ ಇಲ್ಲ. ಹಿಮ ಬೀಳುವ ಹೊತ್ತಿಗೆ ಮರದ ಬೇರಿನ ಕೆಳಗೆ ಗವಿ ತೋಡಿ ಒಳಗೆ ಹೋಗುತ್ತದೆ. ತಿಂಗಳುಗಟ್ಟಲೆ ತಿನ್ನುವುದಿಲ್ಲ, ಕುಡಿಯುವುದಿಲ್ಲ, ಉಚ್ಚೆ ಹೊಯ್ಯುವುದಿಲ್ಲ. ಎದೆ ಬಡಿತ ಯಾವಾಗಲೋ ಒಂದು ಸಲ. ಆ ಅರೆನಿದ್ದೆಯಲ್ಲೇ ಮರಿ ಹಾಕುತ್ತದೆ, ಅಂಗೈಯಲ್ಲಿ ಹಿಡಿಸುವಂಥ, ಕಣ್ಣು ತೆರೆಯದ ಮರಿ. ನನ್ನ ರೂಮ್‌ಮೇಟ್ ಒಂದು ದಿನ, ನಿನ್ನ ಅಮ್ಮನೂ ಹಾಗೆ ಗವಿ ಸೇರಿದ್ದಾರೆ ಅನ್ನಿಸುತ್ತದೆ ಎಂದಳು. ನಾನು ತಿದ್ದಿದೆ. ಅಮ್ಮ ದಿನಾ ಎಂಟಕ್ಕೆ ಕೆಲಸಕ್ಕೆ ಹೋಗುತ್ತಾರೆ, ಟ್ಯಾಕ್ಸ್ ಕಟ್ಟುತ್ತಾರೆ; ಹೋಲಿಕೆ ನಿಲ್ಲುವುದಿಲ್ಲ.

ಕರಡಿ ಎರಡು ಕಾಲ ಮೇಲೆ ನಿಲ್ಲುವುದು ಮೇಲೆ ಬೀಳಲಿಕ್ಕಲ್ಲ, ನೋಡಲಿಕ್ಕೆ, ಮೂಸಲಿಕ್ಕೆ. ನುಗ್ಗಿ ಬಂದು ಅರ್ಧದಲ್ಲೇ ನಿಂತು ತಿರುಗಿ ಹೋಗುವುದೇ ಹೆಚ್ಚು. ನಿಜವಾಗಿ ಮೇಲೆ ಬಿದ್ದಾಗಲೂ ಬಹಳ ಸಲ ಅದಕ್ಕೆ ಬೇಕಾದದ್ದು ಒಂದೇ: ಎದುರಿಗಿರುವುದು ಇನ್ನು ತನಗೆ ಅಪಾಯವಲ್ಲ ಎಂಬ ಖಾತ್ರಿ. ಅದಕ್ಕೇ ಸತ್ತಂತೆ ಮಲಗಬೇಕು. ಖಾತ್ರಿಯಾದರೆ ಬಿಟ್ಟು ಹೋಗುತ್ತದೆ. ಆದರೆ ದೂರ ಹೋಗುವುದಿಲ್ಲ. ಮರೆಯಲ್ಲಿ ನಿಂತು ನೋಡುತ್ತಿರುತ್ತದೆ. ಮಲಗಿದ್ದು ಬೇಗ ಅಲುಗಾಡಿದರೆ ತಿರುಗಿ ಬರುತ್ತದೆ, ಆ ಸಲ ಮೊದಲಿನಷ್ಟು ಸುಲಭಕ್ಕೆ ಬಿಡುವುದಿಲ್ಲ. ಈ ವಾಕ್ಯವನ್ನು ಓದಿ ಪುಟ ಮಡಿಚಿ ಕೆಫೆಟೇರಿಯಾಕ್ಕೆ ಹೋಗಿ ಸೂಪ್ ಕುಡಿದೆ.

ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಒಂದು ಸ್ಪರ್ಧೆಯಿತ್ತು. ವಿಷಯ ಅಲ್ಲೇ ಹೇಳುತ್ತಿದ್ದರು, ಯಾವ ಪಕ್ಷ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದರು. ಮೂರನೇ ಸುತ್ತಿನ ವಿಷಯ: ಗ್ರಿಜ್ಲಿ ಕರಡಿ ಅಳಿದುಹೋದ ಬೆಟ್ಟಗಳಿಗೆ ಅದನ್ನು ಮತ್ತೆ ತಂದು ಬಿಡಬೇಕು. ನಮ್ಮ ಪಾಲಿಗೆ ಪರ ಬಂತು. ನನ್ನ ಜೊತೆ ವಾದಿಸುವ ಹುಡುಗನಿಗೆ ಅಪ್ಪನ ವಿಷಯ ಗೊತ್ತಿತ್ತು. ಜಡ್ಜ್‌ಗೆ ಹೇಳಿ ಬದಲಾಯಿಸಿಕೊಳ್ಳೋಣ ಎಂದು ಪಿಸುಗುಟ್ಟಿದ. ಬೇಡ ಎಂದೆ.

ಎದುರು ಪಕ್ಷದವನು ಎತ್ತರದ, ಕೆಂಪು ಟೈ ಕಟ್ಟಿದ ಹುಡುಗ. “ನಾಳೆ ಈ ಕರಡಿ ಒಬ್ಬರ ತಂದೆಯನ್ನು ಕೊಂದರೆ, ಆ ಮನೆಯವರ ಎದುರು ನಿಂತು ನೀವು ಏನು ಹೇಳುತ್ತೀರಿ?” ಎಂದು ನನ್ನ ಕಡೆ ಬೆರಳು ಮಾಡಿದ. ಒಳ್ಳೆಯ ಏಟು, ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಎದ್ದು ಉತ್ತರ ಕೊಟ್ಟೆ. ಒಬ್ಬರ ನೋವು ಸಾರ್ವಜನಿಕ ನೀತಿಗೆ ಆಧಾರವಾಗಲಾರದು ಎಂದೆ. ಕರಡಿಗೆ ದ್ವೇಷವಿಲ್ಲ, ಅದಕ್ಕೆ ಇರುವುದು ಜಾಗ ಮತ್ತು ಹಸಿವು ಎಂದೆ. ಸಮಯದ ಗಂಟೆ ಹೊಡೆಯುವ ಮುಂಚೆ ಮೂರನೇ ಅಂಶಕ್ಕೂ ಬಂದೆ. ಗೆದ್ದೆವು. ಜಡ್ಜ್ ನನ್ನ ಸಂಯಮವನ್ನು ಹೊಗಳಿದರು. ಹೊರಗೆ ಬಂದು ಮೆಷಿನ್ನಿನಿಂದ ಒಂದು ಪೊಟ್ಟಣ ಪ್ರೆಟ್ಜೆಲ್ ತೆಗೆದು ಪೂರ್ತಿ ತಿಂದೆ. ಉಪ್ಪು ಜಾಸ್ತಿ ಇತ್ತು.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ.

“ಗೆದ್ಯಾ?”

“ಹೂಂ.”

“ಏನ್ ಟಾಪಿಕ್ಕು?”

“ಕಾಡುಪ್ರಾಣಿ ಬಗ್ಗೆ.”

“ಊಟ ಮಾಡಿದ್ಯಾ?” ಎಂದರು ಅಮ್ಮ.

ಆ ತಿಂಗಳ ಕೊನೆಗೆ ರಾಲಿಗೆ ಹೋದಾಗ ಅಮ್ಮನ ಮುಂದೆ ನನ್ನ ವಾದ ಪೂರ್ತಿ ಇಟ್ಟೆ. ಅಮ್ಮ ಸೋಫಾದ ಮೇಲೆ ಡ್ರೈಯರ್‌ನಿಂದ ತೆಗೆದ ಬಟ್ಟೆಯ ರಾಶಿ ಮುಂದಿಟ್ಟುಕೊಂಡಿದ್ದರು. ಗಾಳಿ ಎದುರಿನಿಂದ ಬೀಸುತ್ತಿತ್ತು ಎಂದು ಅಂಕಲ್ ತಾವೇ ಹೇಳುತ್ತಾರೆ. ಹಾಗಿದ್ದರೆ ಕರ್ಜಿಕಾಯಿಯ ವಾಸನೆ ಹೋದದ್ದು ಹಿಂದಕ್ಕೆ. ಮುಂದೆ ಪೊದೆಯಲ್ಲಿದ್ದ ಕರಡಿಗೆ ನಮ್ಮ ತುಪ್ಪವೂ ತಲುಪಲಿಲ್ಲ, ಅಪ್ಪನ ಮೈವಾಸನೆಯೂ ತಲುಪಲಿಲ್ಲ. ತಲುಪಿದ್ದರೆ ಅದು ಮೊದಲೇ ಸದ್ದು ಮಾಡಿ ಎಚ್ಚರಿಸುತ್ತಿತ್ತೋ ಏನೋ. ವಾಸನೆ ಬಂದದ್ದಕ್ಕಲ್ಲ, ಬಾರದಿದ್ದದ್ದಕ್ಕೆ ಹೀಗಾಯಿತು. ಡಬ್ಬಿ ಮುಚ್ಚಿತ್ತು. ಚೀಲ ಮುಟ್ಟಲಿಲ್ಲ. ಕರಡಿಯನ್ನು ಕೊಲ್ಲದೆ ಬಿಟ್ಟದ್ದೇ ಅದು ಊಟಕ್ಕೆ ಬಂದದ್ದಲ್ಲ ಎಂಬುದಕ್ಕೆ ಸಾಕ್ಷಿ.

ಅಮ್ಮ ಅಪ್ಪನ ಹಳೇ ಟಿ-ಶರ್ಟ್ ಒಂದನ್ನು ಮಡಿಸಿ ಮತ್ತೆ ಬಿಡಿಸಿದರು. ಅದನ್ನು ಈಗ ಅಮ್ಮ ರಾತ್ರಿ ಹಾಕಿಕೊಳ್ಳುತ್ತಿದ್ದರು ಎಂದು ನನಗೆ ಆಗಲೇ ಗೊತ್ತಾದದ್ದು.

“ಸರಿ ಕಣೇ. ಮೊದಲ್ನೇ ಸಲ ಗೊತ್ತಾಗ್ದೆ ಬಂತು ಅಂತಿಟ್ಕೋ. ಎರಡನೇ ಸಲ?”

ನಾನು ರಾಶಿಯಿಂದ ಒಂದು ಟವೆಲ್ ಎತ್ತಿಕೊಂಡು ಮಡಿಸತೊಡಗಿದೆ.

“ಹೋಗಿತ್ತಲ್ಲ. ಬಿಟ್ಟು ಹೋಗಿತ್ತಲ್ವಾ? ಮತ್ತೆ ಯಾಕ್ ಬಂತು? ಏನೋ ಒಂದು ಕರೀಬೇಕು ತಾನೇ ಅದನ್ನ?”

“ಅಪ್ಪ ಎದ್ದಿರ್ಬೇಕು ಅಂತಾರೆ, ಆ ಆಫೀಸರ್ರು.”

“ನಿಮ್ಮಪ್ಪನಾ?” ಅಮ್ಮ ನಕ್ಕ ಹಾಗೆ ಕಾಣಿಸಿತು. “ಭಾನುವಾರ ಪೇಪರ್ ಮುಖದ ಮೇಲೆ ಹಾಕ್ಕೊಂಡ್ ಮಲಗಿದ್ರೆ ಮನೆಗೆ ಬೆಂಕಿ ಬಿದ್ರೂ ಎದ್ದೇಳೋರಲ್ಲ. ಸುಮ್ನೆ ಇರೋದು ಅಂದ್ರೆ ಅವ್ರಿಂದ ಕಲೀಬೇಕು. ಸುಮ್ ಸುಮ್ನೆ ಎದ್ದೇಳ್ತಾರಾ?” ಆಮೇಲೆ ಬಟ್ಟೆಯ ರಾಶಿಗೆ ತಿರುಗಿಕೊಂಡು, “ಬಿಡು. ನನ್ ಕೈಯಲ್ಲಿ ಮಾಡಿದ್ದು ಅಲ್ಲಿತ್ತು. ಅಷ್ಟೇ ನನಗ್ ಗೊತ್ತಿರೋದು” ಎಂದರು.

ಸ್ಪರ್ಧೆಯಾಗಿದ್ದರೆ ಆ ಸುತ್ತು ನಾನು ಸೋತ ಹಾಗೆ. ಎರಡನೇ ಸಲಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ; ಅಮ್ಮನಲ್ಲಿ ಒಂದು ಉತ್ತರವಿತ್ತು, ಅದರ ಜೊತೆ ಅವರು ಸಂಸಾರ ಮಾಡಿಕೊಂಡಿದ್ದರು. ಬೇರೆ ಉತ್ತರ ತರುವವರೆಗೆ ಅದನ್ನು ಅವರ ಕೈಯಿಂದ ಕಿತ್ತುಕೊಳ್ಳಲಾರೆ ಎಂಬುದಂತೂ ಸ್ಪಷ್ಟವಾಯಿತು.

ಮಾರ್ಚ್‌ನಲ್ಲಿ ಅಟ್ಲಾಂಟಾದಲ್ಲಿ ಸ್ಪರ್ಧೆ. ಗಂಡು ಗ್ರಿಜ್ಲಿಗಳು ಗವಿಯಿಂದ ಹೊರಬರಲು ಶುರುವಾಗುವ ತಿಂಗಳು ಅದು. ನಾವು ಶನಿವಾರವೇ ಸೋತು ಹೊರಬಿದ್ದೆವು. ಹಿಂತಿರುಗುವ ವ್ಯಾನ್ ಸೋಮವಾರಕ್ಕಿತ್ತು. ಅಂಕಲ್ ಬಂದು ನನ್ನನ್ನು ಕರೆದುಕೊಂಡು ಹೋದರು. ನಾನೂರನೇ ನಂಬರಿನ ಹೆದ್ದಾರಿಯಲ್ಲಿ ಕಾರುಗಳು ಒಂದಕ್ಕೊಂದು ಅಂಟಿಕೊಂಡು ತೆವಳುತ್ತಿದ್ದವು. ಅಂಕಲ್ ದಾರಿಯುದ್ದಕ್ಕೂ ನನ್ನ ಗ್ರೇಡು, ಮುಂದೆ ಲಾ ಸ್ಕೂಲೋ ಏನು, ಅಮ್ಮನ ಮನೆಯ ಸೂರಿನ ಗಟರ್ ಕ್ಲೀನ್ ಆಯಿತೋ ಇಲ್ಲವೋ ಎಲ್ಲ ವಿಚಾರಿಸಿದರು. ಅಪ್ಪ ಹೋದ ಮೇಲೆ ಅವರು ಆಗಾಗ ಅಷ್ಟು ದೂರ ಡ್ರೈವ್ ಮಾಡಿಕೊಂಡು ರಾಲಿಗೆ ಬಂದು ಹುಲ್ಲು ಕತ್ತರಿಸಿ ಹೋಗುತ್ತಿದ್ದರು. ಡಾಕ್ಟರು, ಸ್ವಂತ ಮನೆಯ ಹುಲ್ಲಿಗೆ ಆಳಿಟ್ಟವರು.

ಭಾನುವಾರ ಮಧ್ಯಾಹ್ನ ಆಂಟಿ ಪೂರಿ ಕರಿದರು. ಬಾಣಲೆ ನಮ್ಮ ಮನೆಯದು. ಅಮ್ಮ ಅದನ್ನು ಆಂಟಿಗೆ ಕೊಟ್ಟುಬಿಟ್ಟದ್ದು ನನಗೆ ಗೊತ್ತಿರಲಿಲ್ಲ.

“ನಿಮ್ಮಮ್ಮ ಬೇಡ ಅಂದ್ರೂ ಕಾರಲ್ಲಿಟ್ರು ಕಣೇ,” ಎಂದರು ಆಂಟಿ, ನಾನು ನೋಡಿದ್ದನ್ನು ನೋಡಿ. “ಇನ್ನೊಂದ್ ಹಾಕ್ಲಾ? ನಾಚ್ಕೋಬೇಡ. ವಾದ ಮಾಡೋರಿಗೆ ಶಕ್ತಿ ಬೇಕು.”

“ಸೋತಳಂತೆ,” ಎಂದರು ಅಂಕಲ್.

“ಸೋತೋರಿಗೆ ಎರಡು,” ಎಂದು ಆಂಟಿ ಎರಡು ಹಾಕಿದರು.

ಊಟವಾದ ಮೇಲೆ ಫ್ಯಾಮಿಲಿ ರೂಮಿನಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿದೆ. ಹೈಸ್ಕೂಲು ಓದುವ ಅವರ ಮಗಳು ಸೋಫಾದಲ್ಲಿ ಟಿವಿ ನೋಡುತ್ತಿದ್ದಳು. ನಿದ್ದೆ ಬಂದಿರಲಿಲ್ಲ. ಕಣ್ಣು ಮುಚ್ಚಿದ್ದೆ, ಅಷ್ಟೇ.

“ಏಯ್! ಏ ಪುಟ್ಟಿ! ಏಳು! ಏಳಮ್ಮಾ!”

ಆ ದನಿಗೆ ನಾನು ಯೋಚಿಸುವ ಮುಂಚೆ ನನ್ನ ಮೈ ಎದ್ದಿತ್ತು. ಮೊಣಕೈ ಊರಿ ತಲೆ ಎತ್ತಿದರೆ ಅಂಕಲ್ ನನ್ನ ಪಕ್ಕ ಮಂಡಿಯೂರಿದ್ದರು. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದರ ಎರಡು ಬೆರಳು ಕತ್ತಿನ ಹತ್ತಿರ.

“ಕೇಳಿಸ್ತಿದ್ಯಾ? ಹುಷಾರಿದ್ದೀಯಾ?”

“ಡ್ಯಾಡ್! ಶೀ ಈಸ್ ಜಸ್ಟ್ ಟೈರ್ಡ್,” ಎಂದಳು ಮಗಳು, ಟಿವಿಯಿಂದ ಕಣ್ಣು ತೆಗೆಯದೆ. “ಯು ಡು ದಿಸ್ ಟು ಎವ್ರಿವನ್.”

ಅಡುಗೆಮನೆಯಿಂದ ಆಂಟಿಯ ನಗು ಕೇಳಿಸಿತು. “ಬಿಡ್ರೀ ಆ ಹುಡ್ಗೀನ! ಸುಮ್ನೆ ಮಲಗಿರೋರನ್ನ ಕಂಡ್ರೆ ಇವ್ರಿಗಾಗಲ್ಲ ಕಣೇ. ಮದುವೆಯಾದಾಗಿಂದ ಇದೇ. ಹಗಲೊತ್ತು ನಾನ್ ಕಣ್ಣು ಮುಚ್ಚೋ ಹಾಗಿಲ್ಲ, ಊರಿಗೆಲ್ಲ ಕೇಳೋ ಹಾಗೆ ಕೂಗ್ತಾರೆ. ಎದ್ದು ‘ಬದುಕಿದೀನಿ ಮಾರಾಯ್ರೇ’ ಅನ್ಬೇಕು.”

“ಡಾಕ್ಟರ್ ಬುದ್ಧಿ,” ಎಂದರು ಅಂಕಲ್, ಮಂಡಿ ಹಿಡಿದುಕೊಂಡು ಏಳುತ್ತ. “ನಮ್ಗೆ ಮೊದಲ್ನೇ ಪಾಠವೇ ಅದಮ್ಮ. ಯಾರಾದ್ರೂ ಬಿದ್ದಿದ್ರೆ ಮೊದ್ಲು ಕರೀಬೇಕು. ಗಟ್ಟಿಯಾಗಿ. ರೆಸ್ಪಾನ್ಸ್ ಇದ್ಯಾ ನೋಡ್ಬೇಕು. ಆಮೇಲೆ ಮಿಕ್ಕಿದ್ದು.” ನಕ್ಕರು. ಆಮೇಲೆ ನಾನು ಮಲಗಿದ್ದ ಜಾಗವನ್ನು, ಅಲ್ಲಿ ಕಾರ್ಪೆಟ್ಟು ಅದುಮಿಕೊಂಡಿದ್ದದ್ದನ್ನು ನೋಡಿ, ನಗು ಮುಗಿಸದೆ ಮನೆಯ ಹಿಂದಿನ ಮರದ ಜಗಲಿಗೆ, ಡೆಕ್ಕಿಗೆ ಹೋದರು.

ಬಿದ್ದವರನ್ನು ಕರೆದು ನೋಡಬೇಕು: ಇದು ಮನುಷ್ಯರ ವಿದ್ಯೆ. ಬಿದ್ದವರು ಮಿಸುಕಬಾರದು, ಯಾರೂ ಮಿಸುಕಿಸಬಾರದು: ಇದು ಕರಡಿಯ ಕಾಡಿನ ವಿದ್ಯೆ. ಎರಡೂ ಸರಿ. ಮೂವತ್ತು ವರ್ಷ ಒಂದನ್ನೇ ಮಾಡಿಕೊಂಡು ಬಂದವರು ಮರದ ಮೇಲಿನಿಂದ ಗೆಳೆಯ ಬೋರಲು ಬಿದ್ದಿರುವುದನ್ನು, ಹೆಗಲಿನಿಂದ ರಕ್ತ ಹೋಗುತ್ತಿರುವುದನ್ನು ಕಂಡರೆ ಏನು ಮಾಡುತ್ತಾರೆ? ನಾನು ಕಾರ್ಪೆಟ್ಟಿನ ಮೇಲೆ ಕೂತು ಇದನ್ನು ಎರಡೂ ಕಡೆಯಿಂದ ವಾದಿಸಿ ನೋಡಿದೆ. ಅಪ್ಪ ನೋವಿಗೆ ಎದ್ದಿರಬಹುದು. ಕರಡಿ ಹೋಯಿತೆಂದು ತಾವೇ ನಂಬಿ ಎದ್ದಿರಬಹುದು. ಇದು ಊಹೆ, ಪುರಾವೆಯಲ್ಲ. ಯಾವ ಜಡ್ಜೂ ಇದಕ್ಕೆ ಅಂಕ ಕೊಡುವುದಿಲ್ಲ. ಟಿವಿಯಲ್ಲಿ ಯಾರೋ ಚಾಕು ಮಾರುತ್ತಿದ್ದರು. ಅದನ್ನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಆಂಟಿ ಕೊಟ್ಟ ಎರಡು ಲೋಟ ಕಾಫಿ ತಗೊಂಡು ಡೆಕ್ಕಿಗೆ ಹೋದೆ.

ಅಂಕಲ್ ಕೈಕಂಬಿಗೆ ಒರಗಿ ನಿಂತಿದ್ದರು. ಹಿಂದಿನ ಮನೆಗಳೆಲ್ಲ ಒಂದೇ ಥರ, ಒಂದೇ ಬಣ್ಣ.

“ಸೆಪ್ಟೆಂಬರ್‌ಗೆ ವರ್ಷಾಬ್ದಿಕಕ್ಕೆ ನಾನೇ ಬಂದು ಎಲ್ಲ ಅರೇಂಜ್ ಮಾಡ್ತೀನಿ,” ಎಂದರು. “ಭಟ್ಟರತ್ರ ಮಾತಾಡಿದೀನಿ. ನಿಮ್ಮಮ್ಮಂಗೆ ಹೇಳು, ಮನಸ್ಸಿಗೆ ಹಚ್ಕೋಬೇಡಿ ಅಂತ. ಯಾರ ತಪ್ಪೂ ಅಲ್ಲ. ಕರಡಿಗೇನ್ ಗೊತ್ತು. ವಾಸನೆಗೆ ಬಂತು.”

“ಅಂಕಲ್, ಗಾಳಿ ಯಾವ ಕಡೆಯಿಂದ ಇತ್ತು?”

“ಗಾಳಿ? ಎದುರ್ಗಡೆಯಿಂದ. ಟೋಪಿ ಹಾರ್ತಿತ್ತು ಅಂದ್ನಲ್ಲ.”

“ಕರಡಿ ಎಲ್ಲಿತ್ತು?”

“ಮುಂದೆ.” ನನ್ನ ಕಡೆ ತಿರುಗಿದರು. “ಏನಮ್ಮಾ, ಲಾಯರ್ ಥರ ಕೇಳ್ತೀಯಾ?”

“ಚೀಲ ಮುಟ್ಟಿರ್ಲಿಲ್ಲ. ಡಬ್ಬಿ ಹಾಗೇ ಬಂತು. ಅಮ್ಮ ಅದನ್ನ ಎರಡು ಸಲ ತೊಳೆದ್ರು. ಈಗ ಮನೇಲಿ ತುಪ್ಪ ಇಲ್ಲ, ಗಣೇಶನ್ನೂ ಕೂರಿಸಲ್ವಂತೆ.”

“ಗೊತ್ತು,” ಎಂದರು.

“ಮೊದಲ್ನೇ ಸಲ ಯಾಕ್ ಬಂತು ಅಂತ ನಾನ್ ಅಮ್ಮಂಗೆ ಹೇಳಿದೀನಿ. ಎರಡನೇ ಸಲ ಯಾಕೆ ಅಂತ ಕೇಳ್ತಾರೆ. ನನಗ್ ಗೊತ್ತಿಲ್ಲ. ನೀವು ಹೇಳೋವಾಗ ಯಾವಾಗ್ಲೂ ‘ಹೋಯ್ತು, ಮತ್ತೆ ಬಂತು’ ಅಂತೀರಿ. ನಡುವೆ ಏನೂ ಹೇಳಲ್ಲ.”

ಅಂಕಲ್ ಕಾಫಿ ಲೋಟವನ್ನು ಕಂಬಿಯ ಮೇಲೆ ಇಟ್ಟರು. ಅದರಿಂದ ಹೊಗೆ ಏಳುತ್ತಿತ್ತು. ಪಕ್ಕದ ಮನೆಯಲ್ಲಿ ಯಾರೋ ಹುಲ್ಲಿನ ಮೆಷಿನ್ನು ಸ್ಟಾರ್ಟ್ ಮಾಡಲು ಹಗ್ಗ ಎಳೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ. ನನಗೆ ಸಿಟ್ಟಿರಲಿಲ್ಲ. ಅವರ ಕೈ ಮಾತ್ರ ಕಾಣಿಸುತ್ತಿತ್ತು, ಆಗ ತಾನೇ ನನ್ನ ಕತ್ತಿನ ನಾಡಿ ಹುಡುಕಿದ ಕೈ.

“ಅಂಕಲ್, ಕರಡಿ ಹೋದ ಮೇಲೆ, ಅದು ತಿರುಗಿ ಬರೋಕ್ ಮುಂಚೆ, ಮರದ ಮೇಲಿಂದ ನೀವು ಅಪ್ಪನ್ನ ಕರೆದ್ರಾ?”